ಖೋಲಿ ಖಾಲಿ ಮಾಡು ಎಂದಾಗ

ನಾನು ಎಂ.ಎಸ್ಸಿ. ಮುಗಿಸಿ ಗೋಕಾಕದ ಮನೆಗೆ ಮರಳಿದ ವರ್ಷ ಅದು. ಸಾದಾ ಕೆಮ್ಮೆಂದುಕೊಂಡಿದ್ದು ಟಿ.ಬಿ. ಎಂದು ತಿಳಿದು ಗುಳಿಗೆ ಶುರುವಾಗಿತ್ತು. ಗೊತ್ತಿದ್ದದ್ದು ಅವ್ವ ಮತ್ತು ಕಾಕಾನಿಗೆ ಮಾತ್ರ. ಹುಕ್ಕೇರಿಯ ಒಂದು ಗಂಡಿನ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. "ಗುಣ ಆಗೋತನಕ ಬಾಯಿ ಬಿಡಬ್ಯಾಡ" ಎಂದಿದ್ದಳು ಅವ್ವ. ನನ್ನ ವಿಷಯ ನಾಲ್ಕು ಜನರ ಬಾಯಲ್ಲಿರುವುದು ನನಗೂ ಬೇಕಿರಲಿಲ್ಲ.

ನಮ್ಮ ಹಿತ್ತಲಿನ ಖೋಲಿಯಲ್ಲಿ ಬಿಹಾರದಿಂದ ಟೈಲ್ಸ್ ಕೆಲಸಕ್ಕೆ ಬಂದ ರಮೇಶ ಹೆಂಡತಿಯೊಂದಿಗೆ ಬಾಡಿಗೆಗಿದ್ದ. ಅವನಿಗೂ ಟಿ.ಬಿ. ಎಂದು ಗೊತ್ತಾದ ಮರುದಿನ ಬೆಳಿಗ್ಗೆ ಕಾಕಾ ಹಿತ್ತಲಿನಲ್ಲಿ ನಿಂತು ಕೂಗಿದರು. "ಏ ರಮೇಶ, ನಾಳಿಗಿ ಖೋಲಿ ಖಾಲಿ ಮಾಡು. ನಿಮ್ಮ ಊರಿನ ರೋಗ ನಮ್ಮ ಓಣ್ಯಾಗ ಬ್ಯಾಡ."

ಬಾಜೂ ಮನೆಯ ಗಂಗಕ್ಕ ದನಿಗೂಡಿಸಿದಳು. "ಏನ್ ಕೆಮ್ಮತಾನವ್ವಾ, ನಮ್ಮ ಗ್ವಾಡಿ ನಡಗತೈತಿ!"

"ಸಾವಕಾರ, ಟಿ.ಬಿ. ಗೋಲಿ ಚಾಲೂ ಐತಿ. ಎಲ್ಲಿ ಹೋಗ್ಲಿ?" ಎಂದ ರಮೇಶ.

ಹೋದರೆ ಕೆಲಸದ ಶೆಡ್ಡಿನಲ್ಲಿ ಹತ್ತಾರು ಜನರ ನಡುವೆ ಮಲಗಬೇಕು. ಊರು ಬಿಟ್ಟರೆ ಗುಳಿಗೆ ನಿಲ್ಲುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಹಿತ್ತಲಿಗಿಳಿದು ಖೋಲಿಯ ಬಾಗಿಲಿಗೆ ಅಡ್ಡ ನಿಂತೆ.

"ಕಾಕಾ, ಇವರು ಬರೂಕಿಂತ ಮೊದಲ ನಾ ಕೆಮ್ಮತಿದ್ನಿ. ಟಿ.ಬಿ. ನನಗೂ ಐತಿ. ಅವನಿಂದ ನನಗ ಬಂತಂತ ಹೇಳಾಕ ಬರಂಗಿಲ್ಲ, ನನ್ನಿಂದ ಅವನಿಗಿ ಹೋಗಿರಬಹುದು. ಹೊರಗ ಹಾಕೋದಾದ್ರ ಮೊದಲ ನನ್ನ ಹಾಕ್ರಿ."

"ತಲಿ ಕೆಟ್ಟೈತೇನ ನಿಂದು? ಒಳಗ ನಡಿ!"

ಗಂಗಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ಹೆದರಬ್ಯಾಡ್ರಿ ಗಂಗಕ್ಕ," ಎಂದೆ. "ಗುಳಿಗಿ ಶುರುವಾಗಿ ಭಾಳ ದಿನ ಆತು. ಈಗ ನನ್ನಿಂದ ಹರಡಂಗಿಲ್ಲಂತ ಡಾಕ್ಟರು ಹೇಳ್ಯಾರ. ನಿನ್ನಿ ಸಂಜಿ ನಾ ಮಾಡಿದ್ದ ಚಹಾನೂ ಕುಡದೀರಿ."

ಹಿಂದೆ ಅವ್ವ ಅಳುತ್ತಿದ್ದಳು. ಆದರೂ ಖೋಲಿಯ ಬಾಗಿಲಿನಿಂದ ನಾನು ಸರಿಯಲಿಲ್ಲ. ಕೊನೆಗೆ ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ರಮೇಶ ಉಳಿದ. ಕಿಟಕಿಯೇ ಇಲ್ಲದ ಆ ಖೋಲಿಗೆ ಕಾಕಾ ಗೊಣಗುತ್ತಲೇ ಒಂದು ಕಿಟಕಿ ಇಡಿಸಿದರು. ಕೆಲವು ದಿನಗಳ ಮೇಲೆ ಗಂಗಕ್ಕ ಬಂದು, "ನಮ್ಮ ಸೊಸಿಗೂ ಕೆಮ್ಮೈತಿ, ಯಾವ ದವಾಖಾನಿಗಿ ತೋರಸಲಿ?" ಎಂದು ಪಿಸುಗುಟ್ಟಿದಳು. ಅತ್ತೆ ಸೊಸೆ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ.

ಹುಕ್ಕೇರಿಯವರು ಬರಲೇ ಇಲ್ಲ. ಈಗ ರಮೇಶನೂ ಗುಣವಾಗಿದ್ದಾನೆ, ನಾನೂ ಗುಣವಾಗಿದ್ದೇನೆ. ಆದರೂ ಅವ್ವ, "ಮುಂದ ಬರಾವ್ರ ಮುಂದ ಇದನ್ನೆಲ್ಲ ತಗೀಬ್ಯಾಡ" ಎನ್ನುತ್ತಾಳೆ. ನಾನು ತೆಗೆಯುತ್ತೇನೆ, ಅದೂ ಮೊದಲ ಮಾತಿಗೇ. ಎದ್ದು ಹೋಗುವವರು ಚಹಾಕ್ಕೆ ಇಡುವ ಮೊದಲೇ ಹೋಗಲಿ.