ಹಂಡೆ ಒಲೆಯ ಹೊಗೆ

ಬೆಂಗಳೂರಿನ ಹೊರಮಾವಿನ ಆ ವಠಾರಕ್ಕೆ ಬಾಡಿಗೆಗೆ ಬಂದ ಮೊದಲ ಚಳಿಗಾಲ. ಬೆಳಗಾದರೆ ಸಾಕು, ಪ್ಲಾಸ್ಟಿಕ್ ಸುಟ್ಟ ವಾಸನೆ. ಒಣಗಲು ಹಾಕಿದ ಬಟ್ಟೆಗೂ ಅದೇ ನಾತ, ನನಗೆ ಬಿಡದ ಕೆಮ್ಮು.

“ಎದುರುಗಡೆ ಗುಜರಿಯವನೇ ಸುಡ್ತಾನೆ ಕಣಮ್ಮ, ಇನ್ಯಾರು?” ಎಂದರು ಓನರ್ ಆಂಟಿ. ಅವರು ದಿನಾ ಹಿತ್ತಲಿನ ಹಂಡೆ ಒಲೆಗೆ ಬೆಂಕಿ ಹಾಕಿ, ಬಾಡಿಗೆಯವರಿಗೆಲ್ಲ ಒಂದೊಂದು ಬಕೆಟ್ ಬಿಸಿನೀರು ಪುಕ್ಕಟೆ ಕೊಡುತ್ತಿದ್ದರು. ಅಂಥವರನ್ನು ನಂಬದಿರುವುದು ಹೇಗೆ? ಗುಜರಿಯವನನ್ನು ಕಂಡಾಗಲೆಲ್ಲ ಮೂಗಿಗೆ ವೇಲು ಹಿಡಿದು ದುರುಗುಟ್ಟಿ ನೋಡುತ್ತಿದ್ದೆ.

ಒಂದು ದಿನ ಅವನು ಮೋರಿಗೆ ಬಿದ್ದಿದ್ದ ಹಾಲಿನ ಕವರುಗಳನ್ನು ಎತ್ತಿ, ಕೊಡವಿ, ಚೀಲಕ್ಕೆ ತುಂಬುತ್ತಿದ್ದ. ಪ್ಲಾಸ್ಟಿಕ್ಕೇ ಅವನ ಅನ್ನ. ಅನ್ನವನ್ನು ಯಾರಾದರೂ ಸುಡುತ್ತಾರೆಯೇ?

ನನ್ನ ಅನುಮಾನ ವಠಾರದೊಳಗೆ ತಿರುಗಿತು. ಹಸಿ ಕಸ, ಒಣ ಕಸ ಬೇರೆ ಮಾಡದ ಚೀಲಗಳನ್ನು ಕಸದ ಗಾಡಿಯವರು ಮುಟ್ಟದೆ ಗೇಟಿನ ಬಳಿಯೇ ಬಿಟ್ಟುಹೋಗುತ್ತಿದ್ದರು. ಆದರೂ ಮಾರನೆಯ ಬೆಳಿಗ್ಗೆ ಅಲ್ಲಿ ಒಂದು ಚೀಲವೂ ಇರುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತಿದ್ದವು?

ಬಕೆಟ್ ಹಿಡಿದು ಎಂದಿಗಿಂತ ಬೇಗ ಹಿತ್ತಲಿಗೆ ಹೋದೆ. ಆಂಟಿ ಕಸದ ಚೀಲ ಬಿಚ್ಚಿಕೊಂಡು ಕೂತು, ಕಿತ್ತುಹೋದ ರಬ್ಬರ್ ಚಪ್ಪಲಿಯೊಂದನ್ನು ಒಲೆಗೆ ನೂಕುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

“ಗಾಡಿಯವ್ರು ತಗೊಳಲ್ಲ ಅಂದ್ರೆ ನಾನೇನ್ ಮಾಡ್ಲಿ? ಸೌದೆ ಎಲ್ಲಿದೆ ಈಗ? ನಿಮ್ಮ ಕಸದಲ್ಲೇ ನಿಮ್ಗೆ ನೀರು ಕಾಯೋದು,” ಎಂದು ನಕ್ಕು, ಹಂಡೆಯಿಂದ ಮೊಗೆಯತೊಡಗಿದರು.

ಬೈಯಲೆಂದು ಬಾಯಿ ತೆರೆದೆ. ಕೆಮ್ಮು ಬಂತು. ಅದು ನಿಲ್ಲುವಷ್ಟರಲ್ಲಿ ನನ್ನ ಬಕೆಟ್ ತುಂಬಿತ್ತು.