ನಾಲ್ಕು ಗಂಟೆಯ ಹಾಜರಿ

ದೆವ್ವ ಕಂಡೆ ಎಂದವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಎಷ್ಟು ಹೊತ್ತಿಗೆ, ಎಷ್ಟು ದೂರದಿಂದ, ಜೊತೆಗೆ ಯಾರಿದ್ದರು ಎಂದು ಮೂರು ಪ್ರಶ್ನೆ ಕೇಳಿದರೆ ಸಾಕು, ಎದುರಿನವರ ಕಥೆ ಅಲ್ಲಾಡುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಅದು. ಆದ್ದರಿಂದ ಇದನ್ನು ನೀವು ನಂಬಲೇಬೇಕೆಂದು ಒತ್ತಾಯಿಸುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನನ್ನ ಸೋದರತ್ತೆ ಸರಸ್ವತಿ, ಶಾಲೆಯಲ್ಲಿ ಟೀಚರ್ ಆಗಿದ್ದವರು, ಮದುವೆಯಾಗಿರಲಿಲ್ಲ. ನಿವೃತ್ತಿಯ ಮೇಲೆ ಅಜ್ಜಂಪುರದಲ್ಲಿ ತಮ್ಮಂತೆಯೇ ಒಂಟಿಯಾಗಿದ್ದ ಇನ್ನು ಮೂವರು ಹೆಂಗಸರೊಂದಿಗೆ ಒಂದು ಸಾಲುಮನೆ ಹಿಡಿದಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ಮೊದಲ ಕೋಣೆ ಅಂಗನವಾಡಿಯಲ್ಲಿದ್ದ ಜಯಕ್ಕನದು, ಎರಡನೆಯದು ಅತ್ತೆಯದು, ಆಮೇಲೆ ಹೊಲಿಗೆಯ ನಾಗರತ್ನಮ್ಮ, ಕೊನೆಯಲ್ಲಿ ಸಿದ್ದಮ್ಮಜ್ಜಿ. ‘ವಯಸ್ಸಾದ ಕಾಲದಲ್ಲಿ ಹೊರಗಿನವರ ಜೊತೆ ಯಾಕಿರಬೇಕು, ವಾದ ಮಾಡಿ ಕರ್ಕೊಂಡು ಬಾ’ ಎಂದು ಅಪ್ಪ ನನ್ನನ್ನು ಕಡೂರಿನಿಂದ ಕಳಿಸಿದ್ದರು.

ಅಲ್ಲಿ ಕೋತಿಗಳ ಕಾಟ. ಹಾಗಾಗಿ ಮಧ್ಯಾಹ್ನ ಮಲಗುವಾಗ ಎಲ್ಲರೂ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಒಳಗೆ ಯಾರಿಗಾದರೂ ಏನಾದರೂ ಆದರೆ? ಅದಕ್ಕೆ ಅತ್ತೆ ಒಂದು ಪದ್ಧತಿ ಮಾಡಿದ್ದರು, ಹೆಸರು ಹಾಜರಿ. ನಾಲ್ಕು ಗಂಟೆಗೆ ಜಯಕ್ಕ ಎದ್ದು ಅತ್ತೆಯ ಕಡೆಯ ಗೋಡೆ ತಟ್ಟಬೇಕು, ಅತ್ತೆ ನಾಗರತ್ನಮ್ಮನ ಗೋಡೆ, ನಾಗರತ್ನಮ್ಮ ಅಜ್ಜಿಯ ಗೋಡೆ. ಅಜ್ಜಿ ತಟ್ಟೆ ಬಾರಿಸಿದರೆ ಎಲ್ಲರೂ ಕ್ಷೇಮ. ಎಲ್ಲಿ ಸದ್ದು ನಿಂತಿತೋ ಆ ಬಾಗಿಲಿಗೆ ಓಡುವುದು.

"ಗೋಡೆ ಸದ್ದು ಸಾಕ್ಷಿ ಆಗಲ್ಲ ಅತ್ತೆ. ತಟ್ಟಿದ್ದು ಯಾರು ಅಂತ ಹೆಂಗೆ ಗೊತ್ತಾಗುತ್ತೆ?" ಎಂದು ನಾನು ಶುರು ಮಾಡಿದೆ.

"ಜಯಕ್ಕ ಎರಡು ಸಲ ತಟ್ಟಿ, ಒಂಚೂರು ತಡೆದು, ಇನ್ನೊಂದು ಸಲ ತಟ್ತಾಳೆ. ಅದು ಅವಳ ರುಜು ಕಣೇ."

ಅಂಗಳದಿಂದ ಜಯಕ್ಕ ಕೂಗಿದರು. "ಬಿಡೇ ಸರಸೂ, ಕಪ್ ಗೆದ್ದೋಳ ಹತ್ರ ವಾದ ಮಾಡಿ ಗೆಲ್ಲೋಕಾಗುತ್ತಾ? ಲೇ ಹುಡ್ಗೀ, ನಾನು ಸತ್ತರೆ ತಟ್ಟಲ್ಲ. ಅಷ್ಟು ಸಾಕಲ್ವೇನೇ ಸಾಕ್ಷಿ?"

ಮಾರನೆಯ ಮಧ್ಯಾಹ್ನ ಅತ್ತೆ ರಾಗಿ ಬೀಸಿಸಲು ಮಿಲ್ಲಿಗೆ ಹೊರಟರು. "ನಾಲ್ಕಕ್ಕೆ ನಾನು ಬರದಿದ್ರೆ ನೀನೇ ಹಾಜರಿ ಮುಂದಕ್ಕೆ ಕೊಡು. ಜಯಕ್ಕ ತಟ್ಟಿದ ಮೇಲೆ ಮಾತ್ರ, ಹುಷಾರು" ಎಂದರು. ನಾನು ಚಿಲಕ ಹಾಕಿ ಜಯಕ್ಕನ ಗೋಡೆಯ ಪಕ್ಕ ಚಾಪೆ ಹಾಸಿಕೊಂಡು ಮಲಗಿದೆ. ಕರೆಂಟು ಇರಲಿಲ್ಲ, ಸೆಕೆ, ಜೋಂಪು ಹತ್ತಿತ್ತು. ಸದ್ದಾಯಿತು. ಎರಡು ಸಲ, ತಡೆದು ಒಂದು ಸಲ. ಮೊಬೈಲ್ ನೋಡಿದೆ, ಸರಿಯಾಗಿ ನಾಲ್ಕು. ಸದ್ದು ನೆಲದ ಹತ್ತಿರ, ನನ್ನ ಕಿವಿಯ ಮಟ್ಟಕ್ಕೇ ಬಂದದ್ದು ಗಮನಕ್ಕೆ ಬಂತು. ಬಂತು, ಅಷ್ಟೇ. ಎದ್ದು ಆಚೆ ಗೋಡೆ ತಟ್ಟಿದೆ. ಸ್ವಲ್ಪ ಹೊತ್ತಿಗೆ ಅಜ್ಜಿ ತಟ್ಟೆ ಬಾರಿಸಿದರು.

ಕಾಫಿಗೆ ಮೂವರೇ ಸೇರಿದೆವು. "ಏನೇ ಜಯೀ, ಇನ್ನೂ ಜಡೆ ಹೆಣೀತಿದೀಯಾ? ಕಾಫಿ ಆರೋಯ್ತು!" ಎಂದು ಅಜ್ಜಿ ಕೂಗಿ ನಕ್ಕರು. ಹಾಜರಿ ಆಗಿತ್ತಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಅರ್ಧ ಗಂಟೆ ಕಳೆದು ಅತ್ತೆ ಬಂದವರೇ ಜಯಕ್ಕನ ಬಾಗಿಲು ಬಡಿದರು. ಉತ್ತರವಿಲ್ಲ. ಪಕ್ಕದ ಗ್ಯಾರೇಜಿನವರು ಬಂದು ಬಾಗಿಲು ಮೀಟಿ ತೆಗೆದರು.

ಜಯಕ್ಕ ನೆಲದ ಮೇಲೆ ಬಿದ್ದಿದ್ದರು. ನಮ್ಮ ಗೋಡೆಯ ಹತ್ತಿರ ಅಲ್ಲ, ಅದಕ್ಕೆ ಎದುರಿನ ಮೂಲೆಯಲ್ಲಿ. ಕಣ್ಣು ತೆರೆದೇ ಇತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಊಟವಾದ ಕೂಡಲೇ ನುಂಗುವ ಮಾತ್ರೆ ಅಂಗೈಯ ಬೆವರಿಗೆ ಕರಗಿ ಮೆತ್ತಿಕೊಂಡಿತ್ತು. ಉರುಳಿದ ಲೋಟದ ನೀರು ಕಲೆ ಮಾತ್ರ ಉಳಿಸಿ ಪೂರ್ತಿ ಒಣಗಿತ್ತು. ಅಂದರೆ ಅವರು ಬಿದ್ದು ಎರಡು ಗಂಟೆಯಾದರೂ ಆಗಿತ್ತು.

ತರೀಕೆರೆಯಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿಯ ಡಾಕ್ಟರು ಮೊದಲು ಕೇಳಿದ್ದೇ ಯಾವಾಗ ಬಿದ್ದರು ಎಂದು. ಅತ್ತೆ ನನ್ನ ಮುಖ ನೋಡಿದರು. "ನಾಲ್ಕಕ್ಕೆ ತಟ್ಟಿದ್ಳಲ್ವೇನೇ? ನೀನೇ ಕೇಳಿಸ್ಕೊಂಡ್ಯಲ್ಲ?" ನಾನು ಡಾಕ್ಟರಿಗೆ ಮಾತ್ರೆಯ ವಿಷಯ, ನೀರಿನ ವಿಷಯ ಹೇಳಿದೆ. ಲಕ್ವ ಹೊಡೆದ ಕೆಲವು ಗಂಟೆಯೊಳಗೆ ಕೊಡಬೇಕಾದ ಒಂದು ಇಂಜೆಕ್ಷನ್ ಇತ್ತು, ಅದರ ಹೊತ್ತು ಸ್ವಲ್ಪದರಲ್ಲಿ ಮೀರಿತ್ತು. ಅರ್ಧ ಗಂಟೆ ಮೊದಲು ಬಂದಿದ್ದರೆ ಕೊಡಬಹುದಿತ್ತು ಎಂದರು. ಜಯಕ್ಕ ಬದುಕಿದರು. ಮಾತು ಹೋಯಿತು, ಬಲಗಡೆ ಹೋಯಿತು.

ಎಲ್ಲ ಕಡೆಯಿಂದಲೂ ವಾದ ಮಾಡಿ ನೋಡಿದ್ದೇನೆ. ಅರೆನಿದ್ದೆಯಲ್ಲಿ ನಾನೇ ಆ ಸದ್ದನ್ನು ಕಲ್ಪಿಸಿಕೊಂಡಿದ್ದರೆ ಆ ಅರ್ಧ ಗಂಟೆ ಕದ್ದವಳು ನಾನು. ಜಯಕ್ಕನೇ ಹೇಗೋ ತೆವಳಿ ಬಂದು ಸಹಾಯಕ್ಕೆಂದು ತಟ್ಟಿದ್ದರೆ, ಅದನ್ನು ಹಾಜರಿ ಎಂದುಕೊಂಡು ಮುಂದಕ್ಕೆ ದಾಟಿಸಿದವಳೂ ನಾನೇ. ತಟ್ಟಿದ್ದು ಬೇರೇನೋ ಎಂದರೆ ಮಾತ್ರ ನನ್ನ ತಪ್ಪಿಲ್ಲ. ಹಾಗೆಂದು ಒಪ್ಪಿಕೊಳ್ಳುವ ಆಸೆ ನನಗಿದೆ. ಆಸೆ ಇರುವವರ ಸಾಕ್ಷಿಯನ್ನು ನಾನು ಎಂದೂ ಒಪ್ಪಿದವಳಲ್ಲ.

ಎರಡು ತಿಂಗಳ ಮೇಲೆ ಹೋದೆ. ಮೂವರೂ ಸರದಿಯಲ್ಲಿ ಜಯಕ್ಕನನ್ನು ಅದೇ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಕೇಳಿಯೇಬಿಟ್ಟೆ. "ಅವತ್ತು ಗೋಡೆ ತಟ್ಟಿದ್ದು ನೀವಾ ಜಯಕ್ಕ?"

ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಎಡಗೈಯಿಂದ ನನ್ನನ್ನು ತೋರಿಸಿ, ಗೋಡೆ ತೋರಿಸಿ, ತಮ್ಮ ಕಿವಿ ಮುಟ್ಟಿಕೊಂಡರು. ಬಿದ್ದಲ್ಲಿಂದ ಅವರಿಗೂ ಸದ್ದು ಕೇಳಿಸಿತ್ತು, ನನ್ನ ಕಡೆಯಿಂದ. ನಾನು ತಟ್ಟುತ್ತಿದ್ದೇನೆ ಎಂದುಕೊಂಡಿದ್ದರು.

"ನಾನು ಈ ಗೋಡೆ ಮುಟ್ಟೇ ಇಲ್ಲ ಜಯಕ್ಕ" ಎಂದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಅತ್ತೆ ಒಳಗೆ ಬರುವವರೆಗೂ ಬಿಡಲಿಲ್ಲ.

ಅತ್ತೆಯನ್ನು ಕರೆತರುವ ಮಾತನ್ನು ನಾನು ಮತ್ತೆ ಎತ್ತಿಲ್ಲ. ಈಗ ಅಲ್ಲಿ ಯಾರೂ ಗೋಡೆ ತಟ್ಟುವುದಿಲ್ಲ, ಚಿಲಕವನ್ನೂ ಹಾಕುವುದಿಲ್ಲ. ಕೋತಿ ಬಂದರೂ ಬರಲಿ ಎಂದು ಬಾಗಿಲು ತಳ್ಳಿ ಒಬ್ಬರ ಮುಖ ಒಬ್ಬರು ನೋಡಿ ಬರುತ್ತಾರೆ. ನಾನು ಹೋದಾಗ ನಾಲ್ಕಾಗುವ ಮೊದಲೇ ಅಂಗಳಕ್ಕೆ ಬಂದು ಬಿಸಿಲಲ್ಲಿ ನಿಲ್ಲುತ್ತೇನೆ. ಒಳಗಿದ್ದು ಆ ಸದ್ದು ಮತ್ತೆ ಕೇಳಿಸಿದರೆ ಯಾವ ಕಡೆಗೆ ಓಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.