ಖಾಲಿ ಸ್ಟೇಡಿಯಂನಲ್ಲಿ ಅಪ್ಪನ ಮಂಕಿಕ್ಯಾಪ್

ಇವತ್ತು ಹೀರೆನ್‌ವೇನ್‌ನ ಐಸ್ ಸ್ಟೇಡಿಯಂನಲ್ಲಿ ಅವ್ವ ಡಬ್ಬಿ ತೆರೆದಳು. ಶೇಂಗಾ ಚಟ್ನಿಯ ವಾಸನೆ ಮೂಗಿಗೆ ಬಡಿದಿದ್ದೇ ತಡ, ಅಪ್ಪ ನೆನಪಾದರು.

ಚಿಕ್ಕವಳಿದ್ದಾಗ ಪ್ರತಿ ಚಳಿಗಾಲ ಸ್ಕೇಟಿಂಗ್ ಚಾಂಪಿಯನ್‌ಶಿಪ್ ನೋಡಲು ಅಪ್ಪ ನಮ್ಮನ್ನು ನಾವಿದ್ದ ಹಾರ್ಲೆಮ್‌ನಿಂದ ಇಲ್ಲಿಗೆ ಕರೆತರುತ್ತಿದ್ದರು. ಸುತ್ತಲಿನವರಿಗೆಲ್ಲ ಈ ದೇಶದ ಬಣ್ಣವಾದ ಕಿತ್ತಳೆ ಟೋಪಿ, ಅಪ್ಪನಿಗೆ ಮಾತ್ರ ಧಾರವಾಡದ ಕಂದು ಮಂಕಿಕ್ಯಾಪ್.

ಕೊರೊನಾ ಬಂದ ವರ್ಷ ಪ್ರೇಕ್ಷಕರನ್ನು ಒಳಗೆ ಬಿಡಲಿಲ್ಲ. ಫೋಟೊ ಕಳಿಸಿದವರ ರಟ್ಟಿನ ಚಿತ್ರ ಮಾಡಿ ಸೀಟಿನಲ್ಲಿ ಕೂರಿಸಿದರು. ಅಪ್ಪ ಮಂಕಿಕ್ಯಾಪಿನ ಫೋಟೊವನ್ನೇ ಕಳಿಸಿದ್ದರು. ಪಂದ್ಯದ ಹೊತ್ತಿಗೆ ಆ ಕೊರೊನಾ ಅಪ್ಪನನ್ನೇ ಒಯ್ದಿತ್ತು.

ಮನೆಯ ಟಿವಿಯಲ್ಲಿ, ರಟ್ಟಿನ ಪ್ರೇಕ್ಷಕರ ನಡುವೆ ಕಂದು ಟೋಪಿ ಕಂಡಿತು. ಪಂದ್ಯ ಮುಗಿದ ಮೇಲೆ ನಾನು ರಿಮೋಟ್ ಎತ್ತಿಕೊಂಡೆ. ಅವ್ವ ನನ್ನ ಕೈ ಹಿಡಿದಳು.

“ಬಂದ್ ಮಾಡಬ್ಯಾಡ. ನಿಮ್ಮಪ್ಪ ಇನ್ನೂ ಅಲ್ಲೇ ಕುಂತಾರ.”

ಇವತ್ತು ಪಂದ್ಯ ಮುಗಿದು ಎಲ್ಲರೂ ಎದ್ದು ಹೊರಟರು. ಅವ್ವ ಏಳಲಿಲ್ಲ.